ನಾಲೆಯ ಮೇಲಿನ ಸುಣ್ಣದ ಹೆಜ್ಜೆ

ಸಿಂಚನ, ಭರತ,

ಹೋದ ಸಲ ರಜಕ್ಕೆ ಬಂದಿದ್ದಾಗ ನಾನು ಜಗಲಿಯ ಮೇಲೆ ನೋಟುಬುಕ್ಕು ಹಿಡಿದು ಕೂತಿದ್ದನ್ನು ನೋಡಿ ನೀವು ನಿಮ್ಮಮ್ಮನ ಹತ್ತಿರ, "ಅಜ್ಜಿ ರಾಮನಾಮ ಬರೀತಾವ್ರೆ" ಎಂದಿರಿ. ನಾನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಸುಮ್ಮನೆ ನಕ್ಕೆ. ನಾನು ಬರೆಯುತ್ತಿದ್ದದ್ದು ಒಬ್ಬ ಹೆಂಗಸಿನ ವಿಷಯ. ಆದರೆ ಎರಡು ಸಾಲು ಬರೆದರೆ ಸಾಕು, ನನ್ನ ಈ ಸುಮ್ಮನಿರುವ ಅಭ್ಯಾಸ ನಡುವೆ ಬಂದು ನಿಲ್ಲುತ್ತಿತ್ತು. ಅದಕ್ಕೇ ಇಷ್ಟು ದಿನ ಹಿಡಿಯಿತು.

ನಾನು ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡಲು ಬರುವುದಿಲ್ಲ. ಗಂಡಸರು ಬಂದರೆ ಬಾಗಿಲ ಹಿಂದೆ ನಿಲ್ಲುತ್ತೇನೆ. "ಇಳಿಸಿದ ತಲೆ ಎತ್ತಿದೋಳಲ್ಲ ಕಣಪ್ಪ ಆಯಮ್ಮ" ಎಂದು ಊರಿನವರು ನನ್ನನ್ನು ಹೊಗಳುತ್ತಾರೆ. ಈಗ ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ನನಗೆ ನಾಲೆಯ ಸೇತುವೆ ನೆನಪಾಗುತ್ತದೆ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಮಸಿ ಬಳಿದವಳು ನಾನೇ, ಬರೆಯಲು ಕೈ ಬರುವುದಿಲ್ಲ. ನಿಮಗೂ ಆಕೆಯ ಹೆಸರು ಗೊತ್ತಿಲ್ಲ. ನಿಮಗೆ ಗೊತ್ತಿರುವುದು "ಸೊಪ್ಪುಗಳ್ಳಿ" ಅಂತ. ಭರತ, ಒಂದು ಸಲ ಆಕೆ ಮದ್ದೂರು ಬಸ್ಸಿನಿಂದ ಇಳಿದು ಬರುತ್ತಿದ್ದಾಗ ನೀನೂ ಚಿಕ್ಕತಾತನ ಮನೆಯ ಹುಡುಗರೂ ಹಿಂದಿನಿಂದ ಹಾಗೆ ಕೂಗಿದಿರಿ. ಆಕೆ ತಿರುಗಿ ನಿಂತು, "ಯಾರ ಮೊಮ್ಮಗನ್ಲಾ ನೀನು?" ಎಂದು ಕೇಳಿದಳಂತೆ. ನೀನು ತಾತನ ಹೆಸರು ಹೇಳಿದೆ. "ಓ, ಆ ಮನೆಯೋನಾ" ಎಂದು ನಿನ್ನ ತಲೆ ಸವರಿ ಹೋದಳಂತೆ. ಊಟಕ್ಕೆ ಕೂತಾಗ ನೀನು ಇದನ್ನು ತಮಾಷೆಯಾಗಿ ಹೇಳಿದೆ. ನಾನು ನಿನ್ನನ್ನು ಬೈಯಬೇಕಿತ್ತು. "ಮುದ್ದೆ ಆರೋಯ್ತದೆ, ಉಣ್ಣು" ಅಂದೆ.

ಆಕೆ ಕಳ್ಳಿಯಲ್ಲ. ಅದು ನನಗೆ ಗೊತ್ತಿರುವಷ್ಟು ಚೆನ್ನಾಗಿ ಊರಿನಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಆಕೆ ಆಗಲೇ ಎಲ್ಲರ ಮನೆಯ ರೇಷ್ಮೆ ಕೆಲಸಕ್ಕೂ ಬೇಕಾದವಳು. ಹುಳು ಸಾಕುವುದನ್ನು ನೀವು ನೋಡಿದ್ದೀರಿ. ಹಿಪ್ಪುನೇರಳೆ ಸೊಪ್ಪು ತಿಂದು ತಿಂದು ದಪ್ಪವಾದ ಹುಳುಗಳು ಕೊನೆಗೆ ಒಂದು ದಿನ ಮೇವು ಬಿಟ್ಟು ತಲೆ ಎತ್ತುತ್ತವೆ. ಅದಕ್ಕೆ ಹಣ್ಣಾಗುವುದು ಅನ್ನುತ್ತೇವೆ. ಹಣ್ಣಾದ ಹುಳುವನ್ನು ಅವತ್ತೇ ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ಆ ದೊಡ್ಡ ತಟ್ಟಿ. ಬೇಗ ಆಯ್ದರೆ ಗೂಡು ಬಡಕಲು, ತಡವಾದರೆ ಹುಳು ಕಸದಲ್ಲೇ ಗೂಡು ಸುತ್ತಿಬಿಡುತ್ತದೆ. ಇಪ್ಪತ್ತೈದು ದಿನದ ಕಷ್ಟ ಆ ಒಂದು ದಿನದ ಕೈಯಲ್ಲಿರುತ್ತದೆ. ಅಂಥ ಕೈ ಆಕೆಯದು.

ಹುಳುಮನೆಯ ಬಾಗಿಲಲ್ಲಿ ಆಕೆ ಮಾಡುತ್ತಿದ್ದ ಶಾಸ್ತ್ರವೇ ಒಂದಿತ್ತು. ಚೊಂಬಿನ ನೀರಿನಲ್ಲಿ ಕಾಲು ತೊಳೆದು, ಹೊಸಿಲಿನಲ್ಲಿ ಹರಡಿದ ಸುಣ್ಣದ ಪುಡಿಯ ಮೇಲೆ ಎರಡೂ ಪಾದ ಊರಿ, ಬಳೆಗಳನ್ನು ಮೊಣಕೈವರೆಗೆ ಸರಿಸಿ, ಒಳಗೆ ಬಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಹುಳು ಮೇಯುವ ಸದ್ದನ್ನು ಕೇಳುತ್ತಿದ್ದಳು. "ಅಸ್ಕೊಂಡವೆ ಕಣವ್ವ" ಎನ್ನುತ್ತಿದ್ದಳು. ಇಲ್ಲವೇ, "ಆ ಮೂಲೆ ತಟ್ಟೇಲಿ ಸದ್ದಿಲ್ಲ, ನೋಡಿ" ಎನ್ನುತ್ತಿದ್ದಳು. ಹೋಗಿ ನೋಡಿದರೆ ಆ ಮೂಲೆಯಲ್ಲಿ ರೋಗ ಬಿದ್ದಿರುತ್ತಿತ್ತು. ಹಣ್ಣಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಹುಳುವನ್ನು ಮುಂಗೈಯ ಒಳಮೈ ಮೇಲೆ ಬಿಟ್ಟುಕೊಂಡು ಅದು ತಲೆ ಆಡಿಸುವುದನ್ನು ನೋಡುತ್ತಿದ್ದಳು. ಆಮೇಲೆ ಒಂದೇ ಮಾತು: ಊಂ, ಇಲ್ಲವೇ ಊಹೂಂ.

ಆಕೆಗೆ ಎಲೆ ಅಡಿಕೆ ಕಡ್ಡಿಪುಡಿ ಪ್ರಾಣ. ಆದರೆ ಹೊಗೆಸೊಪ್ಪು ಮುಟ್ಟಿದ ಕೈ ಸೋಕಿದರೆ ಹುಳು ಸಾಯುತ್ತವೆ. ಅದಕ್ಕೆ ಹುಳು ದೊಡ್ಡವಾದಾಗಿನಿಂದ ಗೂಡು ಬಿಡಿಸುವವರೆಗೆ ಆಕೆ ಕಡ್ಡಿಪುಡಿ ಬಿಡುತ್ತಿದ್ದಳು. ಆ ದಿನಗಳಲ್ಲಿ ಆಕೆಯನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. "ಉಳ ಚಂದ್ರಿಕೆಗೆ ಅತ್ತಿಸಿದ ಮ್ಯಾಕೆ ಮಾತಾಡ್ಸಿ. ಈಗ ನಾನು ನಾನಲ್ಲ" ಎಂದು ಗುರ್ ಎನ್ನುತ್ತಿದ್ದಳು. ಹುಳು ಗೂಡು ಕಟ್ಟುವ ಮೂರು ದಿನ ಮನೆಯಲ್ಲಿ ಜಗಳ ಆಡಬಾರದು, ಬಾಗಿಲು ಬಡಿಯಬಾರದು ಎನ್ನುವುದೂ ಆಕೆಯದೇ ಕಟ್ಟಲೆ. ನಿಮ್ಮ ತಾತ ಕೂಡ ಆ ಮೂರು ದಿನ ದನಿ ಎತ್ತುತ್ತಿರಲಿಲ್ಲ.

ತಾತ ತೀರಿಕೊಂಡ ವರ್ಷ ನಾನು ಹುಳು ಸಾಕುವುದನ್ನೇ ಬಿಟ್ಟಿದ್ದೆ. ಗಂಡ ಸತ್ತವಳು ಹುಳುಮನೆಗೆ ಕಾಲಿಟ್ಟರೆ ಹುಳು ಗೂಡು ಕಟ್ಟುವುದಿಲ್ಲ ಎಂದು ಓಣಿಯ ಹೆಂಗಸರು ಮೆಲ್ಲಗೆ ಆಡಿಕೊಂಡರು. ನನಗೂ ಹಾಗೇ ಅನ್ನಿಸಿತು. ಹುಳುಮನೆಗೆ ಬೀಗ ಹಾಕಿದೆ. ಒಂದು ದಿನ ಆಕೆ ಬಂದು ಹಿತ್ತಿಲಲ್ಲಿ ನಿಂತು, "ಬೀಗದ ಕೈ ಕೊಡಿ" ಎಂದಳು. ನಾನು ಓಣಿಯವರ ಮಾತು ಹೇಳಿದೆ.

"ಮುತ್ತೈದೆ ಯಾರು, ಮುಂಡೆ ಯಾರು ಅಂತ ಉಳುಕ್ಕೆ ಗೊತ್ತಾದದಾ ಅವ್ವಾ? ಸೊಪ್ಪು ಆಕೋ ಕೈ ಯಾವ್ದು ಅಂತ ಗೊತ್ತು ಅದುಕ್ಕೆ. ನಿಮ್ಮ ಕೈ ಮುರ್ದೋಗದಾ?"

ಆ ಮಾತಿನ ಒರಟಿಗೆ ನನಗೆ ಅಳು ಬಂತು. ಬೀಗದ ಕೈ ಕೊಟ್ಟೆ. ಆ ಸಲ ಇಬ್ಬರೇ ಸುಣ್ಣ ಬಳಿದೆವು, ಇಬ್ಬರೇ ಸಾಕಿದೆವು. ನಿಮ್ಮಪ್ಪ ಓದಿದ್ದು, ಬ್ಲಫ್ ಊರಿನ ಪವರ್ ಹೌಸಿನಲ್ಲಿ ಕೆಲಸಕ್ಕೆ ಸೇರಿದ್ದು, ಎಲ್ಲ ಆಮೇಲೆ. ಅದರ ಬುಡದಲ್ಲಿ ಆ ಬೀಗದ ಕೈ ಇದೆ.

ಇಷ್ಟಾದರೂ ಆಕೆಗೆ ಕಾಫಿ ಕೊಡುವ ಲೋಟ ನಮ್ಮ ಅಡುಗೆಮನೆಯೊಳಗೆ ಬರುತ್ತಿರಲಿಲ್ಲ. ಹುಳುಮನೆಯ ಹೊರಗೋಡೆಯ ಗೂಡಿನಲ್ಲಿ ಬೋರಲು ಹಾಕಿರುತ್ತಿತ್ತು. ಆಕೆಯೇ ತೊಳೆದು ಆಕೆಯೇ ಇಡುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಒಂದು ದಿನವೂ ನಾನು ಆಕೆಯನ್ನು ಅಕ್ಕ ಅನ್ನಲಿಲ್ಲ. ಆಕೆ ನನ್ನನ್ನು ಅವ್ವ ಎನ್ನುತ್ತಿದ್ದಳು. ಇದೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ನೋಡಿ ಕಲಿತದ್ದು. ನೀವು ಕಲಿಯದಿರಲಿ ಎಂದು ಬರೆದೆ.

ಆಕೆಯ ಮನೆ ಇದ್ದದ್ದು ನಾಲೆಯ ಆಚೆ. ಮೊದಲು ಅವರ ಕೇರಿಯೂ ಊರಿಗೆ ಅಂಟಿಕೊಂಡೇ ಇತ್ತು. ಸರ್ಕಾರ ಮನೆ ನಿವೇಶನ ಕೊಟ್ಟಾಗ ನಾಲೆಯ ಆಚೆ ಜಾಗ ತೋರಿಸಿದರು, ಅಲ್ಲಿಗೆ ಹೋದರು. ಊರು ಮಾತ್ರ ಒಂದೇ. ಒಂದೇ ರೇಷನ್ ಅಂಗಡಿ, ಒಂದೇ ಹಾಲಿನ ಡೈರಿ, ವೋಟು ಹಾಕಲು ಒಂದೇ ಶಾಲೆ. ನಡುವೆ ನಾಲೆ, ನಾಲೆಯ ಮೇಲೆ ಸೇತುವೆ. ಅಷ್ಟೇ.

ಆಮೇಲೆ ಕೊರೊನಾ ಬಂತು. ನಿಮ್ಮಪ್ಪನಿಗೆ ಕರೆಂಟಿನ ಕೆಲಸ, ರಜ ಇಲ್ಲ. ನಿಮ್ಮಮ್ಮನೂ ಅಲ್ಲೇ ಉಳಿದಳು. ದಾರಿ ಮುಚ್ಚುವ ಹಿಂದಿನ ದಿನ ನಿಮ್ಮಪ್ಪ ನಿಮ್ಮಿಬ್ಬರನ್ನೂ ಬೈಕಿನಲ್ಲಿ ತಂದು ನನ್ನ ಹತ್ತಿರ ಬಿಟ್ಟು ಹೋದ. ಮದ್ದೂರಿಗೆ ಹೋದ ಹುಡುಗರು ಪೊಲೀಸರ ಏಟು ತಿಂದು ಬಂದರು. ತರಕಾರಿ ಗಾಡಿ ಬರಲಿಲ್ಲ. ಗಿರಣಿ ಮುಚ್ಚಿತು. ಅವತ್ತು ನಿಮ್ಮ ಚಿಕ್ಕತಾತ, ಅಂದರೆ ನನ್ನ ಮೈದುನ, ಅರಳಿಕಟ್ಟೆಯ ಮುಂದೆ ಊರವರನ್ನು ದೂರ ದೂರ ನಿಲ್ಲಿಸಿ ಹೇಳಿದ: "ಸರ್ಕಾರದೋರು ಬಾಗ್ಲಾಕ್ಕೊಳಿ ಅಂದವ್ರೆ. ಆಕ್ಕೊಳವ. ಒಳಗೆ ನಮ್ದು ನಾವ್ ನೋಡ್ಕೊಳವ. ಯಾರ ಮುಂದೂ ಕೈ ಒಡ್ಡೋದು ಬ್ಯಾಡ."

ಸುಳ್ಳು ಯಾಕೆ ಹೇಳಲಿ, ಆ ದಿನಗಳು ನನಗೆ ಹಿಡಿಸಿದ್ದವು. ಬೆಳಗ್ಗೆ ಅರಳಿಕಟ್ಟೆಯ ಮೇಲೆ ಒಬ್ಬೊಬ್ಬರು ತಮ್ಮಲ್ಲಿದ್ದದ್ದನ್ನು ತಂದಿಡುತ್ತಿದ್ದರು. ಬದನೆಕಾಯಿ, ದಂಟಿನ ಸೊಪ್ಪು, ಬಾಳೆಗೊನೆ, ಆಲೆಮನೆಯವರ ಬೆಲ್ಲ. ತೂಕ ಇಲ್ಲ, ಬೇಕಾದವರು ಬೇಕಾದಷ್ಟು ಒಯ್ಯುವುದು. ಮರೆತೇಹೋಗಿದ್ದ ಮುಯ್ಯಿ ಮತ್ತೆ ಬಂತು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಇಳಿಸಿ ನಾನು ಓಣಿಯ ಸೊಸೆಯರಿಗೆ ರಾಗಿ ಬೀಸುವುದನ್ನು ಹೇಳಿಕೊಟ್ಟೆ. "ದೊಡ್ಡವ್ವ, ಇನ್ಮೇಲೆ ಜಿಮ್ಮಿಗೆ ಓಗೋ ಕೆಲ್ಸ ತಪ್ತು ಬುಡಿ" ಎಂದು ಒಬ್ಬಳು ನಗಿಸಿದಳು. ನನ್ನ ಜೀವನದಲ್ಲಿ ಅಷ್ಟು ಜನ ನನ್ನ ಮಾತು ಕೇಳಿದ್ದು ಅದೇ ಮೊದಲು. ನಮ್ಮೂರು ನಮಗೆ ಸಾಕು ಎಂದು ನಾನೂ ಅಂದುಕೊಂಡೆ.

ನಮ್ಮೂರು ಎಲ್ಲಿಗೆ ಮುಗಿಯುತ್ತದೆ ಎಂದು ಆಗ ಯೋಚಿಸಲಿಲ್ಲ. ಹುಡುಗರು ಜಾಲಿಮುಳ್ಳು ಕಡಿದು ತಂದು, ಹಳೆಯ ಗಾಡಿಚಕ್ರ ಅಡ್ಡ ಮಲಗಿಸಿ, ನಾಲೆಯ ಸೇತುವೆಯ ಮೇಲೆ ಬೇಲಿ ಹಾಕಿದರು. ಸೇತುವೆ ಕಿರಿದು, ಅಲ್ಲಿ ಹಾಕುವುದು ಸುಲಭ ಎಂದರು. "ನಾಲೆ ಆಚೆಯೋರು?" ಎಂದು ಯಾರೋ ಕೇಳಿದ್ದಕ್ಕೆ, "ಅವ್ರದ್ದು ಅವ್ರು ನೋಡ್ಕೊಳ್ಳಿ" ಎಂದಾಯಿತು. ಹೊರಗಿನವರನ್ನು ಕರೆದ ಮನೆಗೆ ಕಟ್ಟೆಯ ತರಕಾರಿ ಇಲ್ಲ, ಮುಯ್ಯಿ ಇಲ್ಲ, ಆ ಮನೆಯ ಹಾಲನ್ನೂ ಯಾರೂ ಮುಟ್ಟುವುದಿಲ್ಲ ಎಂದು ಕಟ್ಟುಪಾಡು ಮಾಡಿದರು. ನಲವತ್ತು ವರ್ಷ ನಮ್ಮೆಲ್ಲರ ಹುಳುಮನೆಯೊಳಗೆ ಓಡಾಡಿದವಳು ಒಂದು ಬೆಳಗಿನಲ್ಲಿ ಹೊರಗಿನವಳಾದಳು. ನಾನು ಅರಳಿಕಟ್ಟೆಯಿಂದ ಬದನೆಕಾಯಿ ತುಂಬಿಕೊಂಡು ಮನೆಗೆ ಬಂದೆ.

ಆ ಸಲ ಊರಿನ ಏಳೆಂಟು ಮನೆಗೆ ಮರಿಹುಳು ಒಂದೇ ದಿನ ಬಂದಿದ್ದವು. ಹಾಗಾಗಿ ಎಲ್ಲರ ಮನೆಯಲ್ಲೂ ಒಟ್ಟಿಗೆ ಹಣ್ಣಾಗತೊಡಗಿದವು. ಯಾರು ಯಾರ ಮನೆಗೆ ಮುಯ್ಯಿಗೆ ಹೋಗುತ್ತಾರೆ? ನನ್ನದು ಸಣ್ಣ ಸಾಕಣೆ, ಆದರೂ ಒಬ್ಬಳ ಕೈಗೆ ಆಗುವುದಲ್ಲ. ಬೆಳಗ್ಗೆ ತಟ್ಟೆ ನೋಡಿದರೆ ಹುಳುಗಳು ತಲೆ ಎತ್ತಿ ತೂಗುತ್ತಿದ್ದವು. ನಾನು ನಿಮ್ಮಿಬ್ಬರನ್ನೂ ಚಿಕ್ಕತಾತನ ಮನೆಗೆ ಆಡಲು ಕಳುಹಿಸಿದೆ. ನೀವು ನೋಡಬಾರದೆಂದೇ ಕಳುಹಿಸಿದೆ. ಆಮೇಲೆ ಆಕೆಗೆ ಫೋನು ಮಾಡಿದೆ.

"ಬೇಲಿ ಆಕವ್ರಲ್ಲವ್ವ" ಎಂದಳು.

"ನಾಲೇಲಿ ನೀರು ಬುಟ್ಟಿಲ್ಲ. ಕೆಳಗಡೆ ಮೆಟ್ಲು ಇಳ್ದು ದಾಟ್ಕೊಂಡ್ ಬಾ. ಮಧ್ಯಾನ ಉಂಡು ಮಲಗೋ ಒತ್ಗೆ ಬಾ, ಕಾವಲಿನೋರು ತೂಕಡಿಸ್ತಿರ್ತಾರೆ."

ಅಷ್ಟು ಉದ್ದದ ಮಾತು, ಅಷ್ಟು ಉಪಾಯ, ನನ್ನ ಬಾಯಿಂದ ಬಂತು. ಬೇಕಾದಾಗ ನನಗೆ ಮಾತು ಬರುತ್ತದೆ.

ಆಕೆ ಬಂದಳು. ಕಾಲು ತೊಳೆದು, ಸುಣ್ಣ ತುಳಿದು, ಒಳಗೆ ಬಂದು ಕಣ್ಣು ಮುಚ್ಚಿ ನಿಂತಳು. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ.

"ನಿಮಗ್ಯಾಕವ್ವ ಬಾಯ್ಗೆ ಬಟ್ಟೆ? ನೀವು ಬಾಯೇ ಬುಡಲ್ವಲ್ಲ!"

ಇಬ್ಬರೂ ನಕ್ಕೆವು. ಮಧ್ಯಾಹ್ನವೆಲ್ಲ ಆಯ್ದೆವು. ಆಕೆಯ ಬೆರಳು ಹುಳುವನ್ನು ಹಿಡಿಯುವುದು ಕಾಣುತ್ತಲೇ ಇರಲಿಲ್ಲ. ಹುಳು ತಾನಾಗಿ ಆಕೆಯ ಕೈಗೆ ಹತ್ತಿಕೊಂಡಂತೆ ಇರುತ್ತಿತ್ತು. ನಾನು ಕಾಫಿ ತಂದೆ. ಆಕೆ ಗೋಡೆಯ ಗೂಡಿನಿಂದ ತನ್ನ ಲೋಟ ತೆಗೆದು ಕೆಳಗಿಟ್ಟಳು. ನಾನು ಮೇಲಿನಿಂದ ಹುಯ್ದೆ.

"ಈಗ ಎಲ್ಲಾರ್ ಮನೇಲೂ ಲೋಟ ಬ್ಯಾರೆ ಬ್ಯಾರೆ ಮಡುಗ್ಬೇಕಂತೆ, ದೂರ ನಿಂತ್ಕೊಬೇಕಂತೆ. ಟೀವೀಲಿ ಯೋಳ್ತಾವ್ರೆ" ಎಂದಳು ಕಾಫಿ ಊದುತ್ತ. "ಪಾಪ, ಕಲಿಯಾಕೆ ಜನುಕ್ಕೆ ಎಷ್ಟು ಕಷ್ಟ. ನೀವ್ ಬುಡಿ, ಯಾವತ್ತೋ ಪಾಸಾಗಿದ್ದೀರಿ."

ಈ ಸಲ ಆಕೆ ಒಬ್ಬಳೇ ನಕ್ಕಳು. ನಾನು ಚಂದ್ರಿಕೆಯ ಕಡೆ ತಿರುಗಿಕೊಂಡೆ.

ಕತ್ತಲಾದ ಮೇಲೆ ಆಕೆ ಹೊರಡುವಾಗ ನಾನು, "ಯಾರ್ಗೂ ಯೋಳ್ಬ್ಯಾಡ ಕಣೆ" ಎಂದೆ.

"ನಾನ್ಯಾಕ್ ಯೋಳ್ಲಿ? ಕರ್ಸ್ಕೊಂಡೋರು ನೀವು. ಯಾರಾರ ಕೇಳುದ್ರೆ ನೀವೇ ಯೋಳಿ. ನಾನು ಯೋಳುದ್ರೆ ಯಾರ್ ನಂಬ್ತಾರೆ?"

"ಹೂಂ" ಎಂದೆ. ಮಕ್ಕಳೇ, ಈ ಹೂಂ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ನಾನು ಒಪ್ಪಿ ಹೇಳಿದ ಮಾತು ಅದು.

ನಮ್ಮ ಮನೆಯವರು ಹುಳುಮನೆಯೊಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಇರುತ್ತದೆ. ಆಕೆ ಬರಿಗಾಲು. ಕಳುಹಿಸುವ ಆತುರದಲ್ಲಿ ನಾನು ಆಕೆಯ ಕಾಲಿಗೆ ನೀರು ಕೊಡುವುದನ್ನು ಮರೆತೆ. ಹೊಸಿಲಿನಲ್ಲಿ ಮತ್ತೆ ಸುಣ್ಣ ಮೆತ್ತಿದ ಪಾದದಲ್ಲಿ ಆಕೆ ನಮ್ಮ ಸೊಪ್ಪಿನ ತೋಟದ ಬದುವಿನ ಮೇಲೆ ನಡೆದು, ನಾಲೆಯ ಮೆಟ್ಟಿಲಿಳಿದು, ಒಣಗಿದ ಸಿಮೆಂಟಿನ ಮೇಲೆ ಆಚೆಗೆ ಹೋದಳು. ಬೆಳಗ್ಗೆ ಎದ್ದ ಕಾವಲಿನ ಹುಡುಗರಿಗೆ ನಾಲೆಯ ಅಗಲಕ್ಕೂ ರಂಗೋಲಿಯ ಹಾಗೆ ಬಿಳಿ ಹೆಜ್ಜೆಗಳು ಕಂಡವು.

ಸೇತುವೆಯ ಹತ್ತಿರ ಜನ ಸೇರಿದರು. ನನ್ನ ತೋಟದಿಂದ ಹೆಜ್ಜೆ ಹೊರಟಿದ್ದರಿಂದ ನನ್ನನ್ನೂ ಕರೆದರು. ಬೇಲಿಯ ಆಚೆ ಆಕೆ ಕೈ ಕಟ್ಟಿ ನಿಂತಿದ್ದಳು. ತಲೆಗೂದಲಲ್ಲಿ ಇನ್ನೂ ಒಂದು ಒಣಗಿದ ಸೊಪ್ಪಿನ ಚೂರಿತ್ತು.

"ಏನಮ್ಮಿ, ನೆನ್ನೆ ಇತ್ಲಾಗೆ ಬಂದಿದ್ಯಾ?" ಎಂದ ನನ್ನ ಮೈದುನ.

"ಊಂ, ಬಂದಿದ್ದೆ."

"ಯಾರ್ ಕರ್ದಿದ್ರು?"

ಆಕೆ ನನ್ನ ಕಡೆ ನೋಡಿದಳು. ಹುಳುಮನೆಯಲ್ಲಿ ತುಂಬಿದ ತಟ್ಟೆ ನನ್ನ ಕೈಗೆ ದಾಟಿಸುವಾಗ, ಹಿಡಿದುಕೊಂಡಿರಾ ಎಂದು ನೋಡುತ್ತಿದ್ದ ನೋಟ ಅದು.

ಮೈದುನ ನನ್ನ ಕಡೆ ತಿರುಗಿದ. "ಅತ್ಗೆ, ನೀವೇನಾರ ಕರ್ಸಿದ್ರಾ?"

ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು. ಬಾಯಿ ಬಿಟ್ಟು ಸುಳ್ಳು ಕೂಡ ಹೇಳಲಿಲ್ಲ. ಅಷ್ಟು ಸುಲಭ ಅದು, ತಲೆಯನ್ನು ಎರಡು ಸಲ ಆ ಕಡೆ ಈ ಕಡೆ ಆಡಿಸುವುದು.

"ಅಂಗಾರೆ ಸೊಪ್ಪು ಕದಿಯಾಕೇ ಬಂದವ್ಳೆ!" ಎಂದ ಕಾವಲಿನ ಹುಡುಗನೊಬ್ಬ.

ಆಕೆ ಆ ಹುಡುಗನ ಕಡೆ ತಿರುಗಿದಳು. "ಊಂ ಕಣ್ಲಾ ಮಗ, ಸೊಪ್ಪು ಕದಿಯಾಕೇ ಬಂದಿದ್ದೆ. ನಮ್ಮನೇಲಿ ಒಂದು ಉಳಾನೂ ಸಾಕಿಲ್ಲ. ನಾನೇ ಮೇಯವ ಅಂತ ಬಂದಿದ್ದೆ."

ಎಲ್ಲರೂ ಗೊಳ್ಳೆಂದು ನಕ್ಕರು. ನಗು ಸುಮಾರು ಹೊತ್ತು ನಡೆಯಿತು. ಅಷ್ಟು ಹೊತ್ತೂ ಆಕೆ ನನ್ನನ್ನೇ ನೋಡುತ್ತಿದ್ದಳು. ಸೊಪ್ಪು ಕದ್ದು ಆಕೆ ಏನು ಮಾಡುತ್ತಾಳೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಸೊಪ್ಪು ಕದಿಯುವವಳ ಕಾಲಿಗೆ ಹುಳುಮನೆಯ ಸುಣ್ಣ ಹೇಗೆ ಮೆತ್ತಿತು ಎಂದೂ ಕೇಳಲಿಲ್ಲ. ಊರೆಲ್ಲ ಹುಳು ಸಾಕುವವರೇ. ಕೇಳಿದ್ದರೆ ನನ್ನ ಹೆಸರು ಬರುತ್ತಿತ್ತು. ಅವರು ಕೇಳಲಿ ಎಂದು ನಾನೂ ಕಾಯಲಿಲ್ಲ. ಸೆರಗು ಎಳೆದುಕೊಂಡು ಮನೆಯ ಕಡೆ ತಿರುಗಿದೆ. ಹುಳು ಗೂಡು ಕಟ್ಟುತ್ತಿವೆ, ಈ ಮೂರು ದಿನ ಜಗಳ ಕೂಡದು ಎಂದು ನನಗೆ ನಾನೇ ಹೇಳಿಕೊಂಡೆ. ಆಕೆ ಹೇಳಿಕೊಟ್ಟ ಕಟ್ಟಲೆಯನ್ನೇ ಆಕೆಯ ಮೇಲೆ ಹೊದಿಸಿ ಬಂದೆ. ಬೆನ್ನ ಹಿಂದೆ ಮೈದುನನ ಮಾತು ಕೇಳಿಸಿತು: "ಇನ್ಮೇಲೆ ಈವಮ್ಮನ್ನ ಯಾರೂ ಉಳದ್ಮನೆಗೆ ಸೇರಿಸ್ಬ್ಯಾಡಿ. ಬೇಲಿ ತೆಗುದ್ಮೇಲೂವೆ."

ನೀವು ಕೇಳಬಹುದು, ಅಜ್ಜಿ ಯಾತಕ್ಕೆ ಹೆದರಿದಳು ಎಂದು. ರೋಗಕ್ಕಲ್ಲ. ಬದನೆಕಾಯಿ ತಪ್ಪುತ್ತದೆ ಎಂದೂ ಅಲ್ಲ. ಇಳಿಸಿದ ತಲೆ ಎತ್ತದವಳು ಎನ್ನುವ ಹೆಸರು ಹೋಗುತ್ತದೆ ಎಂದು ಹೆದರಿದೆ. ಅದನ್ನು ಉಳಿಸಿಕೊಳ್ಳಲು ಆಕೆಯ ಹೆಸರನ್ನು ಕೊಟ್ಟೆ.

ಆ ಸಲದಂಥ ಗೂಡು ನಮ್ಮ ಮನೆಯಲ್ಲಿ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. "ಒಬ್ಬಳೇ ಎಂಗೆ ಮಾಡುದ್ಲು ನೋಡು" ಎಂದು ಜನ ಬಂದು ನೋಡಿ ಹೋದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನೂ ನಾಚಿಕೆ ಎಂದುಕೊಂಡರು.

ನಿರ್ಬಂಧಗಳು ಸಡಿಲವಾದವು. ಗಿರಣಿ ತೆರೆಯಿತು, ಬೀಸುಕಲ್ಲು ಅಟ್ಟಕ್ಕೆ ಹೋಯಿತು, ತರಕಾರಿ ಗಾಡಿ ಬಂತು, ಅರಳಿಕಟ್ಟೆ ಖಾಲಿಯಾಯಿತು. ಸೇತುವೆಯ ಮೇಲಿನ ಜಾಲಿಮುಳ್ಳನ್ನು ನೀರೊಲೆಗೆಂದು ಹೊತ್ತುಕೊಂಡು ಹೋದರು. ನಾನೂ ಒಂದು ಹೊರೆ ತಂದೆ. ಊರು ನಮಗೆ ಸಾಕು ಎಂದ ಮಾತಿನಲ್ಲಿ ಕೊನೆಗೆ ಉಳಿ‌ದದ್ದು ಒಂದೇ, ಸೊಪ್ಪುಗಳ್ಳಿ ಎನ್ನುವ ಹೆಸರು.

ಆಕೆಯನ್ನು ಆಮೇಲೆ ಯಾವ ಮನೆಯವರೂ ಹುಳು ಆಯಲು ಕರೆಯಲಿಲ್ಲ. ಹುಳುಮನೆ ಅಂದರೆ ನಂಬಿಕೆಯ ಜಾಗ, ಕಳ್ಳಿಯನ್ನು ಹೇಗೆ ಬಿಟ್ಟುಕೊಳ್ಳುವುದು? ಆಕೆ ದಿನಾ ಮದ್ದೂರಿನ ಕಡೆ ತೆಂಗಿನ ನಾರು ಬಿಡಿಸುವ ಕೆಲಸಕ್ಕೆ ಹೋಗತೊಡಗಿದಳು. ಮುಂದಿನ ಸಾಕಣೆಗೆ ನಾನು, ಡೈರಿಗೆ ಹಾಲು ತರುತ್ತಿದ್ದ ಆಕೆಯ ಸೊಸೆಯ ಹತ್ತಿರ ಮೆಲ್ಲಗೆ, "ನಿಮ್ಮತ್ತೇನ ಬರಾಕ್ ಯೋಳು" ಎಂದೆ. ಮಾರನೆಯ ದಿನ ಸೊಸೆ ಬಂದು, ನನ್ನ ಮುಖ ನೋಡದೆ, ಹೇಳಿಕಳುಹಿಸಿದ್ದನ್ನು ಒಪ್ಪಿಸಿದಳು:

"ಕಾಲ್ಗೆ ಇನ್ನೂ ಸುಣ್ಣ ಮೆತ್ಕೊಂಡದಂತೆ. ತೊಳ್ಕೊಂಡು ಬತ್ತಾರಂತೆ."

ಬರಲಿಲ್ಲ. ವರ್ಷಗಳಾದವು. ದಾರಿಯಲ್ಲಿ ಎದುರಾದರೆ ಆಕೆ, "ಎಂಗಿದ್ದೀರವ್ವ" ಎಂದು ಮೊದಲಿನ ಹಾಗೇ ಕೇಳುತ್ತಿದ್ದಳು. ನಿಂತು ಮಾತಾಡುತ್ತಿರಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಆಕೆಗೆ ಉಸಿರಿನ ಕಾಯಿಲೆ ಜಾಸ್ತಿಯಾಗಿದೆ ಎಂದು ಕೇಳಿದ ಮೇಲೆ ನಾನು ಸೇತುವೆ ದಾಟಿದೆ. ನಾಲೆಯ ಆಚೆಯ ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಂಚ. ಆಕೆ ದಿಂಬಿಗೆ ಒರಗಿ ಕೂತಿದ್ದಳು.

"ಓ, ಗೌಡ್ತವ್ವ! ಬೇಲಿ ಗೀಲಿ ಏನೂ ಅಡ್ಡ ಇರ್ನಿಲ್ವಾ?" ಎಂದಳು.

ಸೊಸೆ ಸ್ಟೀಲ್ ಲೋಟದಲ್ಲಿ ಕಾಫಿ ತಂದಳು. ನಾನು ಹಿಡಿದುಕೊಂಡೆ. "ತೊಳ್ದೇ ಕೊಟ್ಟವ್ಳೆ, ಕುಡೀರಿ" ಎಂದಳು ಆಕೆ. ಕುಡಿದೆ. ಬಿಸಿಗೆ ನಾಲಿಗೆ ಸುಟ್ಟಿತು, ನಿಲ್ಲಿಸಲಿಲ್ಲ. ಆಕೆಯ ಕೈಗಳು ಹೊದಿಕೆಯ ಮೇಲಿದ್ದವು. ಬೆರಳೆಲ್ಲ ಸೀಳು ಬಿಟ್ಟು ತೆಂಗಿನ ಮಟ್ಟೆಯಂತೆ ಆಗಿದ್ದವು. ನಾನು ನೋಡುತ್ತಿರುವುದನ್ನು ಕಂಡು ಅಂಗೈ ತಿರುಗಿಸಿ ತೋರಿಸಿದಳು.

"ಈ ಕೈಲಿ ಈಗ ಉಳ ಮುಟ್ಟುದ್ರೆ ಅದರ ತೊಗಲೇ ಕಿತ್ಕೊಂಡ್ ಬತ್ತದೆ."

ನಾನು ಲೋಟ ಕೆಳಗಿಟ್ಟೆ. "ಅಕ್ಕಾ" ಎಂದೆ. ಆಕೆ ಹುಬ್ಬು ಏರಿಸಿದಳು. "ಅಕ್ಕಾ, ಅವತ್ತು ನಾನೇ ಕರ್ದಿದ್ದು. ನಾನು ಸುಳ್ಳು ಯೋಳ್ದೆ."

ಆಕೆ ಉಸಿರು ಎಳೆದುಕೊಳ್ಳುತ್ತ ನನ್ನನ್ನು ನೋಡಿದಳು.

"ಅದ ನಂಗ್ ಯಾಕ್ ಯೋಳ್ತೀರಿ? ನಂಗ್ ಗೊತ್ತಿಲ್ವಾ? ಗೊತ್ತಿಲ್ದೋರ್ಗೆ ಯೋಳಿ."

ಆಮೇಲೆ, "ಈ ಸಲ ಉಳ ಎಂಗವೆ?" ಎಂದು ಕೇಳಿದಳು. ಚೆನ್ನಾಗಿವೆ ಎಂದೆ. "ಸದ್ದು ಕೇಳಿ ಯೋಳ್ತಿದ್ದೀರಾ, ಸುಮ್ಕೆ ಯೋಳ್ತಿದ್ದೀರಾ?" ಎಂದಳು. ಅಷ್ಟೇ ಮಾತು. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಹೇಳಿರಬಹುದು ಎಂದು ನೀವು ಮನಸ್ಸಿನಲ್ಲಿ ಸೇರಿಸಿಕೊಳ್ಳಬೇಡಿ.

ಅವತ್ತು ಮನೆಗೆ ಬಂದು ಈ ನೋಟುಬುಕ್ಕು ಶುರು ಮಾಡಿದೆ. ಹದಿನೈದು ದಿನಕ್ಕೆ ಆಕೆ ತೀರಿಕೊಂಡಳು. ಮಾರನೆಯ ಬೆಳಗ್ಗೆ ಹಾಲು ಹಾಕಲು ಡೈರಿಗೆ ಹೋದಾಗ ಸಾಲಿನಲ್ಲಿ ಯಾರೋ, "ಪಾಪ, ಸೊಪ್ಪುಗಳ್ಳಿ ಓದ್ಲಂತೆ" ಎಂದರು. ಒಂದಿಬ್ಬರು ಲೊಚಗುಟ್ಟಿದರು. ನನ್ನ ಮೈದುನನೂ ಇದ್ದ. ಗೊತ್ತಿಲ್ಲದವರೆಲ್ಲ ನನ್ನ ಎದುರಿಗೇ, ಕ್ಯಾನು ಹಿಡಿದು, ಸಾಲಾಗಿ ನಿಂತಿದ್ದರು. ನಾನು ಬಾಯಿ ತೆರೆದೆ. ಹಾಲು ಅಳೆಯುವವನು, "ಮುಂದುಕ್ ಬನ್ನಿ ದೊಡ್ಡವ್ವ" ಎಂದ. ಮುಂದಕ್ಕೆ ಹೋದೆ. ಹಾಲು ಹುಯ್ದು ಮನೆಗೆ ಬಂದೆ.

ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ಯುಗಾದಿ ರಜಕ್ಕೆ ಬರುತ್ತೀರಲ್ಲ, ಬಂದ ಮಾರನೆಯ ದಿನ ಬೆಳಗ್ಗೆ ನನ್ನ ಜೊತೆ ಡೈರಿಗೆ ಬನ್ನಿ. ಸಿಂಚನ, ನಿನ್ನ ದನಿ ದೊಡ್ಡದು. ಎಲ್ಲರೂ ಸಾಲಿನಲ್ಲಿ ಇರುವಾಗ ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದು. ಆಕೆಯ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು. ಓದಿ ಮುಗಿಸಿದ ಮೇಲೆ ಅದನ್ನು ನಾನೇ ಬಾಯಿಬಿಟ್ಟು ಹೇಳುತ್ತೇನೆ. ಭರತ, ನೀನು ನನ್ನ ಪಕ್ಕದಲ್ಲೇ ನಿಂತಿರು. ನಡುವೆ ನಾನು ಮನೆಯ ಕಡೆ ತಿರುಗಿದರೆ ನನ್ನ ಸೆರಗು ಹಿಡಿದುಕೋ, ಬಿಡಬೇಡ.

ನೋಟುಬುಕ್ಕನ್ನು ನಿಮ್ಮಪ್ಪನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನನ್ನ ಹತ್ತಿರ ಇಟ್ಟುಕೊಂಡರೆ ಒಂದು ದಿನ ನಾನೇ ನೀರೊಲೆಗೆ ಹಾಕಿಬಿಡುತ್ತೇನೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಯುಗಾದಿಯವರೆಗೆ, ನಾನೇ ಬಂದು ಕೇಳಿದರೂ ಕೊಡಬೇಡಿ. ಈ ಹಾಳೆಗಳು ನಿಮ್ಮ ಹತ್ತಿರ ಜೋಪಾನವಾಗಿರಲಿ.